ಕೆಚ್ಚಲಿಗೆ ಬೆಚ್ಚಗಿನ ನೀರು, ಕರೆಯುವ ತಾಯಿಗೆ?

(ಸಿರುಗುಪ್ಪ ಮತ್ತು ಕುರುಗೋಡು ಭಾಗದ ಹಾಲು ಉತ್ಪಾದಕರ ಸಂಘಗಳ ಸದಸ್ಯರಿಗಾಗಿ ಬಳ್ಳಾರಿಯಲ್ಲಿ ನಡೆದ ತರಬೇತಿ ಶಿಬಿರದಲ್ಲಿ ವೈದ್ಯೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ನೀವು ಕೆಚ್ಚಲುಬಾವಿನ ಬಗ್ಗೆ, ಹಸಿರು ಮೇವಿನ ಬಗ್ಗೆ, ಲವಣ ಮಿಶ್ರಣದ ಬಗ್ಗೆ ಕೇಳಿದ್ದೀರಿ. ನನ್ನದು ಊಟವಾದ ಮೇಲಿನ ಭಾಷಣ. ಹಿಂದಿನ ಸಾಲಿನಲ್ಲಿ ಕೆಲವರಿಗೆ ಆಗಲೇ ತೂಕಡಿಕೆ ಬಂದಿದೆ. ನನಗೆ ಬೇಸರವಿಲ್ಲ. ನಸುಕಿನ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಬುತ್ತಿ ಕಟ್ಟಿ, ಬಸ್ ಹಿಡಿದು ಬಂದವರು ಮಧ್ಯಾಹ್ನ ಎರಡು ಗಂಟೆಗೆ ತೂಕಡಿಸದೆ ಇನ್ನೇನು ಮಾಡಿಯಾರು? ನಾನು ಮಾತನಾಡಲು ಬಂದಿರುವುದೂ ಆ ಆಯಾಸದ ಬಗ್ಗೆಯೇ.

ಬೆಳಗಿನ ಭಾಷಣದಲ್ಲಿ ಪಶುವೈದ್ಯರು ಒಂದು ಮಾತು ಹೇಳಿದರು. ಹಾಲು ಕರೆಯುವ ಮೊದಲು ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒರೆಸಬೇಕು ಎಂದರು. ಅದರಿಂದ ಕೊಳೆ ಹೋಗುವುದಷ್ಟೇ ಅಲ್ಲ, ಆ ಬೆಚ್ಚನೆಯ ಸ್ಪರ್ಶಕ್ಕೆ ಆಕಳಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ಬಿಡುಗಡೆಯಾಗಿ ಹಾಲು ಇಳಿಯುತ್ತದೆ ಎಂದೂ ವಿವರಿಸಿದರು. ಆಕಳನ್ನು ಬೈದರೆ, ಹೊಡೆದರೆ, ನಾಯಿ ಬಂದು ಬೆದರಿಸಿದರೆ ಅದು ಹಾಲನ್ನು ಬಿಗಿಹಿಡಿಯುತ್ತದೆ. ಇದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಗೊತ್ತಿರುವ ಸಂಗತಿ. ನಾನು ಅಲ್ಲಿ ಕುಳಿತು ಯೋಚಿಸುತ್ತಿದ್ದೆ. ಆಕಳಿಗೆ ದಿನಕ್ಕೆ ಎರಡು ಸಲ ಬೆಚ್ಚಗಿನ ನೀರು ಸಿಗುತ್ತದೆ. ಅದನ್ನು ಕಾಯಿಸಿ ತರುವ ತಾಯಿಗೆ ಎಷ್ಟು ಸಲ ಸಿಗುತ್ತದೆ?

ನಮ್ಮ ಮನೆಗಳ ಬಚ್ಚಲನ್ನು ನೆನಪಿಸಿಕೊಳ್ಳಿ. ಹಂಡೆಗೆ ನೀರು ತುಂಬುವವಳು ಅವಳು. ಒಲೆಗೆ ಜಾಲಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಹಾಕಿ ಊದುವವಳು ಅವಳು. ಮೊದಲ ಜಳಕ ಮಾವನವರದು. ಆಮೇಲೆ ಗಂಡ, ಆಮೇಲೆ ಶಾಲೆಗೆ ಹೋಗುವ ಮಕ್ಕಳು, ಆಮೇಲೆ ಅತ್ತೆ. ಕೊನೆಗೆ ಅವಳ ಸರದಿ ಬರುವಾಗ ಹಂಡೆಯ ತಳದಲ್ಲಿ ಎರಡು ತಂಬಿಗೆ ಉಳಿದಿರುತ್ತದೆ, ಒಲೆ ಆರಿರುತ್ತದೆ. ಅದಕ್ಕೆ ತಣ್ಣೀರು ಬೆರೆಸಿ, ಹೊರಗೆ ಯಾರೋ ಕರೆಯುತ್ತಿರುವಾಗಲೇ, ಐದು ನಿಮಿಷದಲ್ಲಿ ಮೈಗೆ ಸುರಿದುಕೊಂಡು ಬರುತ್ತಾಳೆ. ಇದನ್ನು ನಾವು ಸ್ನಾನ ಎನ್ನುತ್ತೇವೆ.

ಸಿರುಗುಪ್ಪದ ಕಡೆಯ ಒಬ್ಬ ತಾಯಿ ನನ್ನ ಬಳಿ ಬಂದಿದ್ದರು. ಮನೆಯಲ್ಲಿ ನಾಲ್ಕು ಎಮ್ಮೆ, ಜೊತೆಗೆ ನಾಟಿ ಕಾಲದಲ್ಲಿ ಗದ್ದೆಯ ಕೆಲಸ. "ಡಾಕ್ಟ್ರಮ್ಮಾ, ರಾತ್ರಿ ನಿದ್ದಿ ಹತ್ತಂಗಿಲ್ರೀ. ಮುಂಜಾನೆ ಏಳಾಕ ಮನಸ್ಸಾಗಂಗಿಲ್ಲ. ಮಕ್ಕಳ ಮ್ಯಾಲೆ ಸುಮ್‌ಸುಮ್ನ ಸಿಟ್ಟು ಬರ್ತೈತಿ" ಎಂದರು. ರಕ್ತ ಪರೀಕ್ಷೆ ಮಾಡಿಸಿದೆ. ರಕ್ತ ಸ್ವಲ್ಪ ಕಡಿಮೆ ಇತ್ತು, ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟೆ. ಬೇರೆ ಕಾಯಿಲೆ ಕಾಣಲಿಲ್ಲ. "ಜಳಕ ಯಾವಾಗ ಮಾಡ್ತೀರಿ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಡಾಕ್ಟರು ಕೇಳುವ ಪ್ರಶ್ನೆಯೇ ಅದು ಎನ್ನುವ ಹಾಗೆ! ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಮಲಗುವುದಕ್ಕೆ ಒಂದು ತಾಸು ಮುಂಚೆ, ಹದವಾದ ಬಿಸಿನೀರಿನಲ್ಲಿ ನಿಧಾನವಾಗಿ ಜಳಕ ಮಾಡಿ ಹದಿನೈದು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದೆ. ಅವರು ಮತ್ತೆ ಬಂದಾಗ ನಿದ್ದೆ ಸುಧಾರಿಸಿತ್ತು. ಮಾತ್ರೆಯಿಂದ ಎಷ್ಟು, ನೀರಿನಿಂದ ಎಷ್ಟು ಎಂದು ನಾನು ಲೆಕ್ಕ ಹಾಕಿ ಹೇಳಲಾರೆ. ಅವರು ಮಾತ್ರ ಪೂರ್ತಿ ಶ್ರೇಯಸ್ಸನ್ನು ನೀರಿಗೇ ಕೊಟ್ಟರು.

ಇದರಲ್ಲಿ ಪವಾಡವೇನೂ ಇಲ್ಲ. ನಮ್ಮ ಮೈಯ ಒಳಗಿನ ಬಿಸಿ ಸುಮಾರು 37 ಡಿಗ್ರಿ. ರಾತ್ರಿ ನಿದ್ದೆ ಬರಬೇಕಾದರೆ ಈ ಒಳಬಿಸಿ ಸ್ವಲ್ಪ ಇಳಿಯಬೇಕು. ಬೆಚ್ಚಗಿನ ನೀರು ಬಿದ್ದಾಗ ಚರ್ಮದ ಕೆಳಗಿನ ರಕ್ತನಾಳಗಳು, ಅದರಲ್ಲೂ ಅಂಗೈ ಮತ್ತು ಅಂಗಾಲಿನವು, ಅಗಲವಾಗುತ್ತವೆ. ಒಳಗಿನ ಬಿಸಿ ರಕ್ತ ಚರ್ಮದ ಕಡೆಗೆ ಹರಿದು ಬಂದು, ಜಳಕ ಮುಗಿದ ಮೇಲೆ ಆ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಒಂದು ತಾಸಿನಲ್ಲಿ ಒಳಮೈ ತಣಿಯುತ್ತದೆ, ಕಣ್ಣು ಎಳೆಯುತ್ತದೆ. ಬಿಸಿನೀರು ಮೈಯನ್ನು ತಂಪು ಮಾಡಿ ನಿದ್ದೆ ತರಿಸುತ್ತದೆ ಎಂದರೆ ವಿಚಿತ್ರ ಅನ್ನಿಸಬಹುದು, ಆದರೆ ನಡೆಯುವುದು ಹಾಗೆಯೇ. ಇದರ ಜೊತೆಗೆ, ದಿನವಿಡೀ ಕುಕ್ಕರಗಾಲಲ್ಲಿ ಕುಳಿತು ಕರೆದು ಬಿಗಿದುಹೋದ ತೊಡೆ, ನಡು, ಹೆಗಲಿನ ಸ್ನಾಯುಗಳಿಗೆ ರಕ್ತ ಚೆನ್ನಾಗಿ ಹರಿದು ಅವು ಸಡಿಲವಾಗುತ್ತವೆ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಈ ವಿಷಯದಲ್ಲಿ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಸೋಸಿ 2019ರಲ್ಲಿ ವರದಿ ಪ್ರಕಟಿಸಿದರು. 40ರಿಂದ 42 ಡಿಗ್ರಿಯಷ್ಟು ಬಿಸಿ ಇರುವ ನೀರಿನಲ್ಲಿ, ಮಲಗುವ ಒಂದೆರಡು ತಾಸು ಮುಂಚೆ, ಹತ್ತು ನಿಮಿಷದಷ್ಟು ಸ್ನಾನ ಮಾಡಿದರೂ ಸಾಕು, ನಿದ್ದೆ ಸರಾಸರಿ ಹತ್ತು ನಿಮಿಷ ಬೇಗ ಹತ್ತುತ್ತದೆ, ನಿದ್ದೆಯ ಗುಣವೂ ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಜಪಾನಿನಲ್ಲಿ 38 ಜನರಿಗೆ ಎರಡು ವಾರ ಬಿಸಿನೀರಿನ ತೊಟ್ಟಿಯಲ್ಲಿ ದಿನಕ್ಕೆ ಹತ್ತು ನಿಮಿಷ ಮುಳುಗಿ ಕೂರುವಂತೆ, ಇನ್ನೆರಡು ವಾರ ಬರೀ ಷವರಿನಲ್ಲಿ ಸ್ನಾನ ಮಾಡುವಂತೆ ಹೇಳಿ ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ತೊಟ್ಟಿಯಲ್ಲಿ ಕುಳಿತ ದಿನಗಳಲ್ಲಿ ಆಯಾಸ, ಒತ್ತಡ, ಸಿಟ್ಟು, ಬೇಸರ ಎಲ್ಲವೂ ಕಡಿಮೆ ಎಂದು ಅವರೇ ಹೇಳಿದರು. ಜರ್ಮನಿಯಲ್ಲಿ ಖಿನ್ನತೆ ಇರುವವರಿಗೆ ವಾರಕ್ಕೆರಡು ಸಲ ಬಿಸಿನೀರಿನ ಸ್ನಾನ ಮಾಡಿಸಿ ಸ್ವಲ್ಪ ಪ್ರಯೋಜನ ಕಂಡಿದ್ದಾರೆ. ಇವೆಲ್ಲ ಸಣ್ಣ ಪ್ರಯೋಗಗಳು, ಹೆಚ್ಚಿನವು ತೊಟ್ಟಿಯ ಸ್ನಾನದ ಪ್ರಯೋಗಗಳು. ನಮ್ಮದು ಬಕೆಟ್ ಸ್ನಾನ. ಅಷ್ಟೇ ಫಲ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕೊಂದು ಉಪಾಯವಿದೆ, ಮುಂದೆ ಹೇಳುತ್ತೇನೆ.

ಪರದೇಶದವರು ಹೇಳಿದ ಮೇಲೆಯೇ ನಾವು ನಂಬಬೇಕೆಂದೇನೂ ಇಲ್ಲ. ಕುರುಗೋಡಿನವರು ಇಲ್ಲಿದ್ದೀರಿ. ನಿಮ್ಮ ಊರು ಸಿಂದ ಅರಸರ ರಾಜಧಾನಿಯಾಗಿತ್ತು. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಅರಸನ ಸುಖಗಳನ್ನು ಹೇಳುವಾಗ ಸ್ನಾನಭೋಗ ಎಂದು ಒಂದು ಭಾಗವನ್ನೇ ಇಟ್ಟಿದ್ದಾನೆ. ಊಟ, ಉಡುಪು, ಸಂಗೀತದ ಹಾಗೆ ಜಳಕವೂ ಒಂದು ಭೋಗ! ಹಂಪಿಗೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದ. ಕುಸ್ತಿ, ಕುದುರೆ ಸವಾರಿ ಆದ ಮೇಲೆ ಬ್ರಾಹ್ಮಣನೊಬ್ಬ ಅವನಿಗೆ ಸ್ನಾನ ಮಾಡಿಸುತ್ತಿದ್ದನಂತೆ. ಎಳ್ಳೆಣ್ಣೆ ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ದುಡಿದ ಮೈಗೆ ಎಣ್ಣೆ ಮತ್ತು ನೀರು ಬೇಕು ಎಂಬುದು ಈ ನೆಲದಲ್ಲಿ ಹಳೆಯ ತಿಳಿವಳಿಕೆ ಎಂದಷ್ಟೇ ಹೇಳುತ್ತಿದ್ದೇನೆ.

ಅರಸರ ಮಾತು ಬಿಡಿ, ನಮ್ಮ ಮನೆಗಳಲ್ಲೇ ಇದೆ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ತಿಕ್ಕಿ ತೊಳೆದು, ಪೂಜೆ ಮಾಡಿ, ಹೊಸ ನೀರು ತುಂಬುತ್ತೇವೆ. ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಣ್ಣೆ ಹಚ್ಚಿ ಎರೆಯುತ್ತೇವೆ. ಯುಗಾದಿಗೆ ಬೇವಿನ ಎಲೆ ಹಾಕಿದ ನೀರಿನ ಜಳಕ. ಬಾಣಂತಿಗಂತೂ ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ನೀರು ಎರೆದು, ಬೆಚ್ಚಗೆ ಹೊದಿಸಿ ಮಲಗಿಸುತ್ತೇವೆ. ತಾಯಂದಿರೇ, ಸ್ವಲ್ಪ ಯೋಚಿಸಿ. ಒಬ್ಬ ಹೆಣ್ಣುಮಗಳಿಗೆ ಇನ್ನೊಬ್ಬರು ನೀರು ಕಾಯಿಸಿ ಎರೆಯುವುದು ಅವಳು ಕೂಸಾಗಿದ್ದಾಗ ಒಮ್ಮೆ, ಬಾಣಂತಿಯಾದಾಗ ಒಮ್ಮೆ. ಆ ಎರಡರ ನಡುವೆ, ಅದಾದ ಮೇಲೆ, ಅವಳೇ ಎಲ್ಲರಿಗೂ ಕಾಯಿಸುತ್ತ ಹೋಗುತ್ತಾಳೆ.

ಈಗ ಕ್ರಮ ಹೇಳುತ್ತೇನೆ. ನಿಮ್ಮ ದಿನಚರಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಸಂಜೆ ಹಾಲು ಹಾಕಿ ಬರುವಾಗ ಆರೂವರೆ, ಏಳು. ಎಮ್ಮೆಗೆ ಮೇವು ಹಾಕಿ, ಎಂಟು ಗಂಟೆಯ ಹೊತ್ತಿಗೆ ಜಳಕ. ಊಟವನ್ನು ಜಳಕದ ನಂತರ ಇಟ್ಟುಕೊಳ್ಳಿ, ಹೊಟ್ಟೆ ತುಂಬ ಉಂಡು ಬಿಸಿನೀರು ಹಾಕಿಕೊಳ್ಳಬೇಡಿ. ಒಂಬತ್ತೂವರೆಗೆ ಹಾಸಿಗೆ. ಬೆಳಿಗ್ಗೆ ಜಳಕ ಮಾಡಿಯೇ ಒಲೆ ಮುಟ್ಟುವ ಪದ್ಧತಿ ಇರುವ ಮನೆಗಳಲ್ಲಿ ಅದನ್ನು ಬಿಡಿ ಎನ್ನುವುದಿಲ್ಲ. ಬೆಳಿಗ್ಗೆ ಎರಡು ತಂಬಿಗೆಯಲ್ಲಿ ಮುಗಿಸಿ, ಸಂಜೆಯದನ್ನು ಸಾವಕಾಶವಾಗಿ ಮಾಡಿ. ವಾರಕ್ಕೆ ಮೂರು ದಿನವಾದರೂ ಸರಿ.

ನೀರು ಎಷ್ಟು ಬಿಸಿ ಇರಬೇಕು? ಕೃತಕ ಗರ್ಭಧಾರಣೆ ಮಾಡುವವರನ್ನು ನೋಡಿದ್ದೀರಿ. ವೀರ್ಯದ ಕಡ್ಡಿಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ತೆಗೆಯುತ್ತಾರೆ, ಉಷ್ಣಮಾಪಕದಲ್ಲಿ ನೋಡಿಯೇ. ಹೋರಿಯ ಬೀಜಕ್ಕೆ ಇಷ್ಟು ಜಾಗ್ರತೆ, ನಮ್ಮ ಮೈಗೆ ಮಾತ್ರ ಕುದಿಯುವ ನೀರು! ಬಾಣಂತಿಗೆ, ಕೂಸಿಗೆ ಕೆಂಪಾಗುವಂತೆ ಸುಡುಸುಡು ನೀರು ಎರೆಯುವುದು ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಕೂಸಿನ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ನಮಗೆ ಬೇಕಾದದ್ದು 40 ಡಿಗ್ರಿ. ಉಷ್ಣಮಾಪಕ ಇಲ್ಲದಿದ್ದರೂ ಲೆಕ್ಕ ಸುಲಭ. ಕುದಿಯುವ ನೀರು ಒಂದು ತಂಬಿಗೆಗೆ ತಣ್ಣೀರು ನಾಲ್ಕು ತಂಬಿಗೆ. ಚಳಿಗಾಲದಲ್ಲಿ ನೀರು ಹೆಚ್ಚು ತಣ್ಣಗಿರುವಾಗ ಒಂದಕ್ಕೆ ಮೂರು. ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಮೊದಲು ಬಿಸಿನೀರು ಸುರಿದಿಟ್ಟು ತಣ್ಣೀರು ತರಲು ಹೋದಾಗಲೇ ಮಕ್ಕಳು ಅದರಲ್ಲಿ ಕೈ ಹಾಕುವುದು. ಬೆರೆಸಿದ ಮೇಲೆ ಕೈಬೆರಳಿಂದ ನೋಡಬೇಡಿ. ಕೆಲಸ ಮಾಡಿ ಒರಟಾದ ಬೆರಳಿಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ಮೊಣಕೈ ಅದ್ದಿ ನೋಡಿ.

ಹಾಗಾದರೆ ಇಪ್ಪತ್ತು ಲೀಟರಿನ ಒಂದು ಬಕೆಟ್ಟಿಗೆ ಕುದಿಸಬೇಕಾದದ್ದು ನಾಲ್ಕೈದು ಲೀಟರ್ ಮಾತ್ರ. ಕರೆಂಟಿನಲ್ಲಿ ಕಾಯಿಸಿದರೆ ಸುಮಾರು ಮೂರನೇ ಒಂದರಿಂದ ಅರ್ಧ ಯೂನಿಟ್. ಇಷ್ಟು ಖರ್ಚಿಗೆ ಯಾವ ಮನೆಯೂ ಬಡವಾಗುವುದಿಲ್ಲ. ಗೋಬರ್ ಗ್ಯಾಸ್ ಇರುವವರಿಗೆ ಅದೂ ಇಲ್ಲ. ನಮ್ಮ ಬಳ್ಳಾರಿಯ ಬಿಸಿಲಿಗಂತೂ ಬೆಲೆ ಕಟ್ಟುವಂತಿಲ್ಲ. ಕಪ್ಪು ಡ್ರಮ್ಮಿನಲ್ಲಿ ನೀರು ತುಂಬಿ, ಮುಚ್ಚಿ, ಅಂಗಳದಲ್ಲಿ ಬಿಸಿಲಿಗಿಟ್ಟರೆ ಸಂಜೆಗೆ ಅರ್ಧ ಕೆಲಸ ಮುಗಿದಿರುತ್ತದೆ. ಒಂದು ಮಾತು ಮಾತ್ರ, ಡೇರಿಯ ಹಾಲಿನ ಕ್ಯಾನನ್ನು ಇದಕ್ಕೆ ಬಳಸಬೇಡಿ. ನಗುತ್ತಿರುವವರ ಮನೆಯಲ್ಲಿ ಬಳಸುತ್ತಾರೆ ಎಂದು ನನಗೆ ಗೊತ್ತಾಯಿತು.

ಮುಂಚೆ ಹೇಳಿದ ಉಪಾಯ ಇದು. ಬಕೆಟ್ ಸ್ನಾನದಲ್ಲಿ ನೀರು ಮೈಮೇಲೆ ಹರಿದು ಹೋಗುತ್ತದೆ, ಬಿಸಿ ನಿಲ್ಲುವುದಿಲ್ಲ. ಆದ್ದರಿಂದ ಜಳಕ ಮುಗಿಸಿ, ಮೈ ಒರೆಸಿ, ಒಣ ಬಟ್ಟೆ ಉಟ್ಟ ಮೇಲೆ ಒಂದು ಸ್ಟೂಲಿನ ಮೇಲೆ ಕುಳಿತು, ಅದೇ ಬಿಸಿಯ ನೀರು ಅರ್ಧ ಬಕೆಟ್ ತೆಗೆದುಕೊಂಡು, ಮೀನಖಂಡದವರೆಗೆ ಕಾಲು ಅದ್ದಿ ಹದಿನೈದು ನಿಮಿಷ ಕುಳಿತುಕೊಳ್ಳಿ. ವಯಸ್ಸಾದವರ ನಿದ್ದೆಗೆ ಇದು ಸಹಾಯ ಮಾಡುತ್ತದೆ ಎಂದು ಬೇರೆಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಜಳಕ ಮಾಡಲಾಗದಷ್ಟು ದಣಿದ ದಿನ ಇದೊಂದನ್ನೇ ಮಾಡಬಹುದು. ದಿನವಿಡೀ ಒದ್ದೆ ಕೊಟ್ಟಿಗೆಯಲ್ಲಿ, ಕೆಸರಿನಲ್ಲಿ ನಿಂತ ಕಾಲು. ನೀರಿನಿಂದ ತೆಗೆದ ಮೇಲೆ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ. ಆ ಹದಿನೈದು ನಿಮಿಷ ಮೊಬೈಲ್ ನೋಡಬೇಡಿ, ಬೇಳೆ ಆರಿಸಬೇಡಿ. ಸುಮ್ಮನೆ ಕುಳಿತುಕೊಳ್ಳಿ. ನಮ್ಮ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ ಭಾಗ ಇದೇ ಎಂದು ನನ್ನ ಅನುಭವ.

ಎಣ್ಣೆ ಹಚ್ಚಿಕೊಳ್ಳುವುದಾದರೆ ವಾರಕ್ಕೊಮ್ಮೆ ಸಾಕು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಮನೆಯಲ್ಲಿ ಯಾವುದಿದೆಯೋ ಅದು. ಆದರೆ ಬಚ್ಚಲಿನ ಕಲ್ಲಿನ ಮೇಲೆ ಎಣ್ಣೆ ಬಿದ್ದು ಜಾರಿ ತೊಡೆಯ ಎಲುಬು ಮುರಿದುಕೊಂಡ ಅಜ್ಜಿಯರನ್ನು ನಾನು ಪ್ರತಿ ದೀಪಾವಳಿಗೆ ನೋಡುತ್ತೇನೆ. ಕಡಲೆ ಹಿಟ್ಟನ್ನೋ ಸೀಗೆಪುಡಿಯನ್ನೋ ಹಾಕಿ ಆ ಕಲ್ಲನ್ನೂ ಒಮ್ಮೆ ತಿಕ್ಕಿ.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ಆಗ ನೀರು ಕಾಯಿಸುವ ಪ್ರಶ್ನೆಯೇ ಇಲ್ಲ. ರಾತ್ರಿ ಮೈಗೆ ಹಿತವಾಗುವಷ್ಟು ಬೆಚ್ಚಗಿನ, ಇಲ್ಲವೆ ಸಾದಾ ನೀರು ಸಾಕು. ಬಿಸಿಲಿನಲ್ಲಿ ದುಡಿದು ತಲೆಸುತ್ತು ಬಂದವರಿಗೆ ಬಿಸಿನೀರು ಎರೆಯಲೇಬಾರದು, ನೆರಳಿಗೆ ಕರೆತಂದು ತಣ್ಣೀರು ಹಾಕಬೇಕು. ಎಮ್ಮೆಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಬೆವರಿನ ಗ್ರಂಥಿ ಕಡಿಮೆ ಇರುವ ಪ್ರಾಣಿ, ಕಾಲುವೆ ಕಂಡರೆ ತಾನೇ ಇಳಿದು ಕೂರುತ್ತದೆ. ನೀರಿನ ಅಭಾವ ಇರುವ ಊರುಗಳಲ್ಲಿ ಮೊದಲು ದನಗಳ ಕುಡಿಯುವ ನೀರು, ಆಮೇಲೆ ನಮ್ಮ ಜಳಕ, ಇದರಲ್ಲಿ ನನ್ನ ತಕರಾರಿಲ್ಲ.

ಇನ್ನು ಯಾರು ಎಚ್ಚರ ವಹಿಸಬೇಕು ಎಂಬುದನ್ನು ಗಮನವಿಟ್ಟು ಕೇಳಿ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರ ಪಾದಗಳಲ್ಲಿ ಸ್ಪರ್ಶಜ್ಞಾನ ಸತ್ತಿರುತ್ತದೆ. ಅವರಿಗೆ ನೀರು ಸುಡುತ್ತಿರುವುದು ತಿಳಿಯುವುದಿಲ್ಲ. ಕಾಲು ಜೋಮು ಹಿಡಿದಿದೆ ಎಂದು ಬಿಸಿನೀರಿನಲ್ಲಿ ಇಟ್ಟು, ಬೊಬ್ಬೆ ಎದ್ದು, ಹುಣ್ಣಾಗಿ, ಕೊನೆಗೆ ಬೆರಳು ತೆಗೆಸಬೇಕಾಗಿ ಬಂದವರನ್ನು ನಾನು ಕಂಡಿದ್ದೇನೆ. ಸಕ್ಕರೆ ಕಾಯಿಲೆ ಇರುವವರು ಕಾಲು ಅದ್ದುವ ಉಪಾಯವನ್ನು ಮಾಡಲೇಬೇಡಿ. ಹೃದಯದ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳಿ, ಸ್ನಾನ ಮುಗಿದ ಮೇಲೆ ಥಟ್ಟನೆ ಎದ್ದು ನಿಲ್ಲಬೇಡಿ. ಬಸುರಿಯರಿಗೆ ಉಗುರುಬೆಚ್ಚಗಿನ ನೀರು ಮಾತ್ರ. ಅಣ್ಣಂದಿರಿಗೆ ಒಂದು ಮಾತು. ಮೈಕೈ ನೋವಿಗೆಂದು ಸಂಜೆ ಅಂಗಡಿಯ ಕಡೆ ಹೋಗಿ ಬಂದವರು ಬಿಸಿನೀರಿನ ಬಚ್ಚಲಿಗೆ ಹೋಗಬಾರದು, ಅಲ್ಲೇ ಕುಸಿಯುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಜಳಕ ಮಾಡಿ ನೋಡಿ. ಅಂಗಡಿಗೆ ಹೋಗುವ ಮನಸ್ಸಾಗದೆಯೂ ಇರಬಹುದು.

ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿನಿಂದ ಪ್ರತಿ ಚಳಿಗಾಲ ಸಾವುಗಳಾಗುತ್ತವೆ. ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಿ, ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ವಿಚ್ ಹಾಕಬೇಡಿ. ಪೂರ್ತಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿದರೆ, ಹಂಡೆಯ ಒಲೆಯ ಕೆಂಡ ಉರಿಯುತ್ತಿದ್ದರೆ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ತುಂಬಿ, ಒಳಗಿದ್ದವರು ಕೂಗಲೂ ಆಗದೆ ಸಾಯುತ್ತಾರೆ. ಕಿಟಕಿ ಇರಲೇಬೇಕು, ತೆರೆದಿರಬೇಕು.

ಈಗ ಮುಖ್ಯವಾದ ವಿಷಯ. ಬಿಸಿನೀರು ದುಡಿದ ಆಯಾಸಕ್ಕೆ ಆಗುತ್ತದೆ. ಎಲ್ಲ ಆಯಾಸವೂ ದುಡಿದ ಆಯಾಸವಲ್ಲ. ಹೈನುಗಾರರಾದ ನಿಮಗೆ ಇದನ್ನು ವಿಶೇಷವಾಗಿ ಹೇಳಬೇಕು. ನಿಮ್ಮ ಆಕಳೋ ಎಮ್ಮೆಯೋ ತುಂಬು ಗಬ್ಬದಲ್ಲಿ ಕಂದು ಹಾಕಿತ್ತೇ? ಆ ಕಂದನ್ನು, ಮಾಸನ್ನು ಬರಿಗೈಯಲ್ಲಿ ಎತ್ತಿ ಹಾಕಿದಿರೇ? ಹಸಿ ಹಾಲು ಕುಡಿಯುವ ರೂಢಿ ಇದೆಯೇ? ಹಾಗಿದ್ದು, ಆಮೇಲೆ ಕೆಲವು ವಾರಗಳಿಗೆ ಸಂಜೆ ಸಂಜೆ ಜ್ವರ, ರಾತ್ರಿ ಬೆವರು, ನಡುನೋವು, ಕೀಲುನೋವು, ಯಾವುದರಲ್ಲೂ ಮನಸ್ಸಿಲ್ಲದ ಹಾಗೆ ಆಗುವುದು ಕಾಣಿಸಿದರೆ ಅದು ಬ್ರುಸೆಲ್ಲೋಸಿಸ್ ಇರಬಹುದು. ದನಗಳಲ್ಲಿ ಕಂದು ಹಾಕಿಸುವ ರೋಗವೇ ಮನುಷ್ಯರಿಗೂ ಬರುವುದು. ಜ್ವರ ಬಿಟ್ಟು ಬಿಟ್ಟು ಬರುವುದರಿಂದ ಜನ ತಿಂಗಳುಗಟ್ಟಲೆ ಮೈಕೈ ನೋವಿನ ಮಾತ್ರೆ ನುಂಗುತ್ತ, ಬಿಸಿನೀರು ಹಾಕಿಕೊಳ್ಳುತ್ತ ಕಾಲ ಕಳೆಯುತ್ತಾರೆ. ಬಿಸಿನೀರಿಗೆ ನೋವು ಸ್ವಲ್ಪ ಇಳಿಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಡಾಕ್ಟರ ಹತ್ತಿರ ಹೋದಾಗ "ನಮ್ಮ ಮನೆಯಲ್ಲಿ ದನ ಕಂದು ಹಾಕಿತ್ತು" ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಸಲ ನಾವು ಡಾಕ್ಟರರು ಕೇಳಲು ಮರೆಯುತ್ತೇವೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಕನಿಷ್ಠ ಆರು ವಾರ ಬಿಡದೆ ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಇದೆ. ಅದನ್ನು ತಪ್ಪಿಸಬೇಡಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಕುಡಿಯಿರಿ ಎಂದಾಗ ನೆನಪಾಯಿತು, ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯಲ್ಲಿ ಚಹಾಕ್ಕೂ ಉಳಿಸದ ಮನೆಗಳಿವೆ. ಒಕ್ಕೂಟದವರು ಇಲ್ಲಿ ಕುಳಿತಿದ್ದರೂ ಹೇಳುತ್ತೇನೆ, ಜಳಕವಾದ ಮೇಲೆ ಆ ತಾಯಿಗೆ ಒಂದು ಲೋಟ ಹಾಲು ಉಳಿಸಿ.

ಇನ್ನೊಂದು ಆಯಾಸ ಮನಸ್ಸಿನದು. ಎರಡು ವಾರಕ್ಕೂ ಮೀರಿ ದಿನವೂ ಬೇಸರ, ಅಳು, ಊಟ ಬೇಡ, ನಿದ್ದೆ ಇಲ್ಲ, ಬದುಕೇ ಬೇಡ ಎನ್ನುವ ಯೋಚನೆ, ಇವು ಇದ್ದರೆ ಜಳಕದಿಂದ ಹೋಗುವ ಬೇಸರ ಅದಲ್ಲ. ಅದು ಕಾಯಿಲೆ, ಅದಕ್ಕೆ ಔಷಧಿ ಇದೆ. ಇದನ್ನು ಬಳ್ಳಾರಿಯವರು ನಾಚಿಕೆಪಡದೆ ಹೇಳಬಹುದು, ಏಕೆಂದರೆ ದೇಶಕ್ಕೆ ದಾರಿ ತೋರಿಸಿದ್ದೇ ನಮ್ಮ ಜಿಲ್ಲೆ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿದರು. ಹುಚ್ಚಾಸ್ಪತ್ರೆ ಎಂದು ಹೆದರಿ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಿದ್ದ ಜನರಿಗೆ ಹತ್ತಿರದ ಕೇಂದ್ರದಲ್ಲೇ ಔಷಧಿ ಸಿಗುವಂತಾಯಿತು. ಅದನ್ನು ಬಳ್ಳಾರಿ ಮಾದರಿ ಎಂದೇ ಕರೆದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಈಗ ಮನೆಯಿಂದಲೇ ಮಾತನಾಡಬೇಕೆಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ಸಂಘದ ಗೋಡೆಯ ಮೇಲೆ ಫ್ಯಾಟಿನ ದರಪಟ್ಟಿ ಇರುತ್ತದಲ್ಲ, ಅದರ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆಸಿ ಎಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ.

ನನ್ನ ಮಾತು ಮುಗಿದಾಗ ಕುರುಗೋಡಿನ ಕಡೆಯ ತಾಯಿಯೊಬ್ಬರು ಎದ್ದು ನಿಂತು ಕೇಳಿದರು. "ಅಮ್ಮಾ, ನೀವು ಹೇಳಿದ್ದೆಲ್ಲ ಖರೆ. ಆದ್ರ ಆ ಸಂಜಿ ನೀರು ಕಾಯಿಸೋರು ಯಾರು? ಅದೂ ನಾನಾ ಕಾಯಿಸ್ಬೇಕಂದ್ರ, ಒಂದು ಕೆಲಸ ಹೆಚ್ಚಾತು ಅಷ್ಟ."

ಸಭೆಯೆಲ್ಲ ನಕ್ಕಿತು. ಅವರು ನಗಲಿಲ್ಲ, ಅವರ ಪಕ್ಕದಲ್ಲಿದ್ದ ಯಜಮಾನರೂ ನಗಲಿಲ್ಲ. ಅವರ ಮನೆಯಲ್ಲಿ ಸಂಜೆ ಡೇರಿಗೆ ಹಾಲು ಒಯ್ಯುವವರು ಯಾರು ಎಂದು ಕೇಳಿದೆ. ಅವರೇ ಒಯ್ಯುತ್ತಾರಂತೆ. ಹೋಗಿ, ಸಾಲಿನಲ್ಲಿ ನಿಂತು, ಸ್ಯಾಂಪಲ್ ಕೊಟ್ಟು ಬರಲು ಅರ್ಧ ತಾಸು. ಆ ಅರ್ಧ ತಾಸು ಯಜಮಾನರು ಮನೆಯಲ್ಲೇ ಇರುತ್ತಾರೆ. ಐದು ಲೀಟರ್ ನೀರು ಕುದಿಯಲು ಅಷ್ಟು ಹೊತ್ತು ಬೇಡ ಎಂದೆ. ಅವರು ಟವಲ್ ಹೆಗಲಿಗೆ ಹಾಕಿಕೊಳ್ಳುತ್ತ, "ಒಂದಕ್ಕ ನಾಕು ಅಂದ್ರಲ್ರೀ, ತಣ್ಣೀರು ಮೊದ್ಲು ಹಾಕೋದಾ?" ಎಂದು ಕೇಳಿದರು. ಹೌದು, ತಣ್ಣೀರು ಮೊದಲು.